ಚಾಡಿ ಹೇಳದ ಟೈಮರ್

ನಾನು ಗ್ಯಾಸ್ ಒಲೆಗೆ ಕೂಡಿಸುವ ಟೈಮರ್. ನನ್ನ ಬಿಲ್ಲೆಯನ್ನು ತಿರುಗಿಸಿ ಒಲೆ ಹೊತ್ತಿಸಿದರೆ, ಹೊತ್ತು ಮುಗಿದ ಕೂಡಲೇ ಗ್ಯಾಸ್ ನಿಲ್ಲಿಸುತ್ತೇನೆ. ಇಷ್ಟೇ ನನ್ನ ವಿದ್ಯೆ. ಹುಟ್ಟುವಾಗ ಮಾತ್ರ ನಾನು ಇಷ್ಟು ಸರಳವಾಗಿರಲಿಲ್ಲ.

ಗದಗಿನ ಕಾಲೇಜೊಂದರ ವರ್ಕ್‌ಶಾಪಿನಲ್ಲಿ ನನ್ನನ್ನು ಹಡೆದವಳು ಅಧ್ಯಾಪಕಿ ನಿರ್ಮಲಾ ಬಡಿಗೇರ. ಸಣ್ಣ ಸಣ್ಣ ಗುಂಡಿ, ಕೆಂಪು ದೀಪ, ಕಿವಿ ಹರಿಯುವ ಸೀಟಿ, ಎಲ್ಲ ಇಟ್ಟಿದ್ದಳು. ಒಲೆ ಉರಿಯುತ್ತ ಉಳಿದರೆ ಮನೆಯವರ ಫೋನಿಗೆ ಸುದ್ದಿ ಮುಟ್ಟಿಸುವುದೂ ನನ್ನ ಕೆಲಸವಾಗಿತ್ತು.

ನಾನು ಮೊದಲು ಹೋದದ್ದು ಬೆಟಗೇರಿಯ ಎಸ್ತರಮ್ಮನ ಮನೆಗೆ. ನರ್ಸ್ ಆಗಿ ದುಡಿದು ನಿವೃತ್ತಳಾದವಳು, ಮದುವೆಯಾಗದವಳು, ಒಬ್ಬಳೇ ಇರುವುದನ್ನು ಇಷ್ಟಪಟ್ಟವಳು. ಆಕೆ ಒಂದೆರಡು ಸಲ ಪಾತ್ರೆ ಸುಟ್ಟಿದ್ದಳು. ಹತ್ತಿರದ ಓಣಿಯಲ್ಲೇ ಇದ್ದ ತಮ್ಮ ದಾನಿಯೇಲ ಹೆದರಿದ್ದ.

"ಅಕ್ಕಾ, ಒಲಿ ತಗದಬಿಡೂಣು. ಎರಡೂ ಹೊತ್ತು ನಮ್ಮನಿಯಿಂದ ಡಬ್ಬಿ ಬರ್ತದ."

"ಜೀವಮಾನ ಎಲ್ಲಾ ರೋಗಿಗಳ ಸೇವಾ ಮಾಡೀನಿ. ನನ್ನ ಚಾ ನಾನ ಕಾಸ್ಕೊಳ್ಳದಂಗಾದ್ರ ನಾನೂ ರೋಗಿನ ಅಲ್ಲೇನೋ?"

ಇಬ್ಬರ ನಡುವಿನ ರಾಜಿಗೆ ನನ್ನನ್ನು ತಂದು ಕೂಡಿಸಿದರು. ನಾನೋ ರಾಜಿಯನ್ನೇ ಕೆಡಿಸಿದೆ. ಆಕೆ ಬಾಗಿಲಿಗೆ ಹೋದರೂ ಸೀಟಿ ಹೊಡೆದೆ, ತಮ್ಮನಿಗೆ ಸುದ್ದಿ ಕೊಟ್ಟೆ. ಅವನು ಅಂಗಡಿ ಬಿಟ್ಟು ಓಡಿ ಬರುತ್ತಿದ್ದ. ಕೊನೆಗೊಮ್ಮೆ ಎಸ್ತರಮ್ಮ ನಿರ್ಮಲಾಳನ್ನು ಮನೆಗೆ ಕರೆಸಿ, ನನ್ನನ್ನು ಬಿಚ್ಚಿಸಿ ಅವಳ ಕೈಗಿಟ್ಟಳು.

"ಇದು ಚಾಡಿ ಹೇಳ್ತದವಾ. ಇಂಥಾದ್ದು ನನ್ನ ಮನ್ಯಾಗ ಬ್ಯಾಡ."

ನಿರ್ಮಲಾಳ ಮುಖ ಕಪ್ಪಿಟ್ಟಿತು. ಆದರೆ ಮರಳಿ ಹೋಗಲಿಲ್ಲ. ಅಡಿಗೆಮನೆಯ ಹೊಸ್ತಿಲ ಮೇಲೆ ಕುಳಿತು ಎಸ್ತರಮ್ಮ ಚಹಾ ಮಾಡುವುದನ್ನು ನೋಡಿದಳು. ಆ ಬಾತ ಬೆರಳುಗಳು ಸಣ್ಣ ಗುಂಡಿಯನ್ನು ಒತ್ತಲಾರವು. ಡಬ್ಬಿಯ ಮುಚ್ಚಳವನ್ನಾದರೆ ಅಂಗೈಯಿಂದ ಹೊರಳಿಸಬಲ್ಲವು. ವರ್ಕ್‌ಶಾಪಿಗೆ ಮರಳಿ ನನ್ನ ಸೀಟಿ ಕಿತ್ತಳು, ಫೋನಿನ ನಂಟು ಕಡಿದಳು, ಅಂಗೈ ಹಿಡಿಯುವಷ್ಟು ದೊಡ್ಡ ಬಿಲ್ಲೆ ಕೂಡಿಸಿದಳು. ನಾನು ಎರಡನೆಯ ಸಲ ಹುಟ್ಟಿ ಎಸ್ತರಮ್ಮನ ಒಲೆಗೆ ಮರಳಿದೆ.

ಒಂದು ಮಧ್ಯಾಹ್ನ ಬೇಳೆ ಕುದಿಯುತ್ತಿತ್ತು. ಎದುರು ಮನೆಯ ನೇಕಾರ ಓಡಿ ಬಂದ. "ನರ್ಸಮ್ಮಾ, ಸೊಸಿಗೆ ಹೆರಿಗಿ ಬ್ಯಾನಿ ಸುರುವಾಗ್ಯಾವರಿ, ಗಾಡಿ ಇನ್ನೂ ಬಂದಿಲ್ಲ!" ಎಸ್ತರಮ್ಮ ಕೈ ತೊಳೆದು ಹಾಗೆಯೇ ನಡೆದಳು. ನನ್ನ ಹೊತ್ತು ಮುಗಿಯಿತು, ಗ್ಯಾಸ್ ನಿಲ್ಲಿಸಿದೆ. ಉರಿ ಆರಿತು. ಆಕೆ ಬಂದಾಗ ಬೆಳಕು ಇಳಿದಿತ್ತು. ಕೂಸು ಅತ್ತಿತ್ತು, ತಾಯಿ ಉಳಿದಿದ್ದಳು. ಪಾತ್ರೆಯ ಮುಚ್ಚಳ ತೆಗೆದು ನೋಡಿದಳು, ಬೇಳೆ ಸೀದಿರಲಿಲ್ಲ.

ಮರುದಿನ ತಮ್ಮ ಬಂದಾಗ ತಾನಾಗಿಯೇ ಹೇಳಿದಳು. "ನಿನ್ನೆ ಒಲಿ ಮ್ಯಾಲೆ ಬ್ಯಾಳಿ ಬಿಟ್ಟು ಹೋಗಿದ್ದೆ. ನೆನಪ ಇರಲಿಲ್ಲ."

ದಾನಿಯೇಲ ಗಾಬರಿಯಿಂದ ಒಲೆ ಕಡೆ ನೋಡಿದ. ಎಲ್ಲ ಸರಿಯಿತ್ತು. "ನನಗ ಗೊತ್ತ ಆಗ್ತಿರಲಿಲ್ಲಲ್ಲ, ಯಾಕ ಹೇಳಿದಿ?"

"ನಾನ ಹೇಳಬೇಕಲ್ಲೋ."

ಅವನು ಆಕೆ ಕೊಟ್ಟ ಚಹಾ ಕುಡಿದು ಹೋದ. ಒಲೆ ತೆಗೆಯುವ ಮಾತು ಮತ್ತೆ ಅವನ ಬಾಯಿಗೆ ಬರಲಿಲ್ಲ.

ವರ್ಷಗಳು ಕಳೆದವು. ಎಸ್ತರಮ್ಮನ ಕೈ ನಡುಗತೊಡಗಿತು. ಒಂದು ಬೆಳಿಗ್ಗೆ ಬಿಸಿನೀರು ಕಾಲ ಮೇಲೆ ಚೆಲ್ಲಿತು. ಅದಕ್ಕೆ ನನ್ನಲ್ಲಿ ಮದ್ದಿರಲಿಲ್ಲ. ಸುಟ್ಟ ಗಾಯಕ್ಕೆ ತಾನೇ ಪಟ್ಟಿ ಕಟ್ಟಿಕೊಂಡು, ತಮ್ಮನಿಗೆ ಫೋನ್ ಮಾಡಿದಳು.

"ದಾನಿಯೇಲ, ನಾಳಿಂದ ಡಬ್ಬಿ ಕಳಸಪಾ."

ಯಾರೂ ಆಕೆಗೆ ಹಾಗೆ ಮಾಡೆಂದು ಹೇಳಿರಲಿಲ್ಲ.

ನನ್ನನ್ನು ಒಯ್ಯಲು ಬಂದ ನಿರ್ಮಲಾಳಿಗೆ ಆಕೆ ಹೇಳಿದ್ದು ಇಷ್ಟು: "ಇನ್ನೊಬ್ಬರ ಮನ್ಯಾಗ ಹಚ್ಚವಾ. ಮೊದಲ ಅವರನ್ನ ಕೇಳು."

ಆಮೇಲೆ ಎರಡು ಮನೆಗಳಲ್ಲಿ ದುಡಿದೆ. ಈಗ ಸ್ಪ್ರಿಂಗ್ ಸಡಿಲಾಗಿ ವರ್ಕ್‌ಶಾಪಿನ ಕಪಾಟಿನಲ್ಲಿದ್ದೇನೆ. ಮುಪ್ಪು ಎಂದರೆ ಏನೆಂದು ನನಗೂ ತಿಳಿಯುತ್ತಿದೆ. ಆದರೆ ನನ್ನ ಕೆಲಸ ನಿಲ್ಲಿಸಿದವರು ಬೇರೆಯವರು. ಎಸ್ತರಮ್ಮ ತನ್ನ ಒಲೆಯನ್ನು ತಾನೇ ಆರಿಸಿದಳು.