ಹೊಸ್ತಿಲಾಚೆಯ ಕೋಲು

ಯಾವ ಮನೆಗೆ ಹೋದರೂ ದಾಮಿಯಾನಾ ಹೊಸ್ತಿಲಲ್ಲಿ ಒಂದು ಗಳಿಗೆ ನಿಂತುಬಿಡುತ್ತಾರೆ, ತಾವು ಬಂದ ಕೆಲಸವೇನೆಂದು ಬಾಗಿಲ ಚೌಕಟ್ಟೇ ನೆನಪಿಸಬೇಕು ಎನ್ನುವ ಹಾಗೆ.

ಮೊದಲು ಹೀಗಿರಲಿಲ್ಲ. ಒಹಾಕಾದ ಬೆಟ್ಟಗಳ ನಡುವಿನ ನಮ್ಮ ಸಾನ್ ಮೆಲಿತೋನ್ ಊರಿಗೆ ಮೊದಲ ಹೆಣ್ಣು ಅಧ್ಯಕ್ಷೆಯಾಗಿ ಅಧಿಕಾರದ ಕೋಲು ಹಿಡಿದಾಗ ಅವರದು ತುಂಬಿದ ಕೊಡ ಹೊತ್ತವರ ನಡಿಗೆ: ಅವಸರವಿಲ್ಲ, ತುಳುಕಿಲ್ಲ. ಯಾರು ಏನು ಕೇಳಿದರೂ ‘ನೋಡೋಣ, ನೋಡೋಣ’ ಎಂದು ಎರಡು ಸಲ ಹೇಳುವರು. ಒಂದೇ ಸಲ ಹೇಳಿದರೆ ಆಗುವುದಿಲ್ಲವೆಂದೇ ಅರ್ಥ ಎಂದು ಊರಿಗೆಲ್ಲ ಗೊತ್ತಿತ್ತು.

ಆ ಕೋಲಿಗೆ ಪ್ರತಿ ಭಾನುವಾರ ಎಣ್ಣೆ ತಿಕ್ಕುತ್ತಿದ್ದವನು ಗಂಡ ಹಸಿಂತೋ. ‘ನನ್ ಬೆನ್ನಿಗೆ ಯಾವತ್ತಾದ್ರೂ ಹಿಂಗೆ ಎಣ್ಣೆ ಹಚ್ಚಿದ್ದೀಯೇನೇ?’ ಎಂದು ಬೀದಿಗೆ ಕೇಳುವಂತೆ ಛೇಡಿಸುವನು.

‘ನೀನೂ ಕೋಲಿನ ಹಂಗೆ ಬಾಯ್ಮುಚ್ಕೊಂಡಿರು, ಹಚ್ತೀನಿ’ ಎನ್ನುವರು ಇವರು.

ಮಳೆಗಾಲದ ಕೊನೆಯಲ್ಲಿ ಹಸಿಂತೋ ಎದೆನೋವಿನಿಂದ ತೀರಿಕೊಂಡ. ಅವನ ಕಂದು ಕೋಟನ್ನು ಕಪ್ಪು ಶಾಲಿನ ಮೇಲೆ ತೊಟ್ಟು ದಾಮಿಯಾನಾ ಓಡಾಡತೊಡಗಿದರು. ಉದ್ದನೆಯ ತೋಳು ಬೆರಳನ್ನೂ ಮುಚ್ಚಿ, ಕೋಲನ್ನು ಸತ್ತವನೇ ಹಿಡಿದಂತೆ ಕಾಣುತ್ತಿತ್ತು.

ಗೊಂದಲ ಶುರುವಾದದ್ದು ಆಗ. ಸಾವಿನ ಮನೆಯೊಳಗೆ ಕೋಲು ಬರುವಂತಿಲ್ಲ. ಇದು ನಮ್ಮ ಹಿರಿಯರ ಕಟ್ಟಳೆ. ಕೋಲು ಎಲ್ಲಿ ನಿಂತಿದೆಯೋ ಅಲ್ಲೇ ಪಂಚಾಯಿತಿ. ಇದೂ ಅವರದೇ ಕಟ್ಟಳೆ. ಹಿಂದಿನ ಅಧ್ಯಕ್ಷರ ಮನೆಗಳಲ್ಲಿ ಸಾವಾದಾಗ ಅಳುವ ಕೆಲಸ ಹೆಂಗಸರದ್ದಾಗಿದ್ದರಿಂದ ಈ ಎರಡು ಕಟ್ಟಳೆಗಳು ಎದುರುಬದುರಾಗಿರಲೇ ಇಲ್ಲ. ದಾಮಿಯಾನಾ ಕೋಲನ್ನು ಬಾಗಿಲಾಚೆ ಗೋಡೆಗೆ ಒರಗಿಸಿದರು. ಒಳಗೆ ಜಪಸರ, ಹೊರಗೆ ದೂರು. ಅಪ್ಪಿಕೊಂಡು ಅತ್ತ ನೆರೆಯವಳೊಬ್ಬಳು ಕಣ್ಣೊರೆಸಿಕೊಂಡವಳೇ, ‘ಹಂಗೇ ನಮ್ ಬೀದಿ ದೀಪದ್ದೂ ಒಂಚೂರು ನೋಡಕ್ಕಾ’ ಎಂದಳು. ‘ನೋಡೋಣ’ ಎಂದರು ದಾಮಿಯಾನಾ, ಒಂದೇ ಸಲ. ಆಗುವುದಿಲ್ಲವೆಂದೋ, ಇನ್ನೊಂದು ಸಲ ಹೇಳಲು ಮರೆತರೋ, ಅವರಿಗೂ ತಿಳಿಯಲಿಲ್ಲ.

ಹೆಣ ಮಲಗಿದ್ದ ನೆಲದ ಮೇಲೆ ಸುಣ್ಣದಲ್ಲಿ ಬರೆದ ಶಿಲುಬೆಯನ್ನು ಒಂಬತ್ತನೆಯ ಸಂಜೆ ಬಳಿದೆತ್ತಬೇಕು. ಎತ್ತುವ ತನಕ ಆತ್ಮ ಮನೆ ಬಿಡದು. ಸುಣ್ಣದ ಕೊನೆಯ ಹಿಡಿ ಎತ್ತುವ ಪಾಲು ಹೆಂಡತಿಯದು. ಆ ಒಂದು ಸಂಜೆ ತಮ್ಮನ್ನು ಬರೀ ಹೆಂಡತಿಯಾಗಿರಲು ಬಿಡಿ ಎಂದು ದಾಮಿಯಾನಾ ಊರನ್ನೇ ಕೇಳಿಕೊಂಡಿದ್ದರು. ಪ್ರಾರ್ಥನೆ ಹೇಳಿಸುವ ಪೆತ್ರೋನಿಲಜ್ಜಿ ಮೊದಲ ಮಣಿ ಹಿಡಿಯುವಷ್ಟರಲ್ಲಿ ಕೆಳಕೇರಿಯ ಎಲಿಹಿಯೋ ಬಾಗಿಲಿಗೆ ಓಡಿಬಂದ.

‘ಅಕ್ಕಾ, ಮೇಲ್ಕೇರಿಯೋರು ಕಾಲುವೆ ತೂಬು ಮುಚ್ಚವ್ರೆ. ನಮ್ಮೋರು ಮಚ್ಚು ತಗೊಂಡು ಹೊಂಟವ್ರೆ.’

‘ಇವತ್ತೊಂದಿನ ಹೊಡೆದಾಡ್ದೆ ಇರಕ್ಕಾಗಲ್ವೇನೋ ನಿಮಗೆ?’ ಅಜ್ಜಿ ರೇಗಿದಳು.

‘ಕೋಲು ಕಂಡ್ರೆ ನಿಲ್ತಾರಜ್ಜಿ. ನನ್ ಮುಖ ಕಂಡ್ರೆ ಇನ್ನೂ ಜೋರಾಯ್ತದೆ.’

ದಾಮಿಯಾನಾ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ನಿಂತರು. ಆಮೇಲೆ ನೆಲದ ಸುಣ್ಣದ ಕಡೆ ತಿರುಗಿ, ‘ಇರು, ಬಂದೆ’ ಎಂದರು, ಒಲೆಯ ಮೇಲೆ ಹಾಲಿಟ್ಟು ಅಂಗಡಿಗೆ ಹೊರಟವರ ಹಾಗೆ.

ಅಜ್ಜಿ ಜಪಸರವನ್ನು ಮೊದಲಿನಿಂದ ಹಿಡಿದಳು. ಮುಗಿಯಿತು, ಮತ್ತೆ ಹಿಡಿದಳು. ಚೆಂಡುಹೂವು ಬಾಡಿತು, ಬಂದವರಿಗೆಂದು ಬೇಯಿಸಿದ್ದ ಜೋಳದ ಕಡುಬು, ತಮಾಲ್‌ಗಳು, ಆರಿದವು. ಕೊನೆಗೆ ದಾಮಿಯಾನಾ ಬಂದರು. ಕೋಟಿನ ತುಂಬ ಕೆಸರು. ತೂಬು ತೆರೆದಿತ್ತು, ಯಾರ ರಕ್ತವೂ ಬಿದ್ದಿರಲಿಲ್ಲ. ಈ ಸಲ ಹೊಸ್ತಿಲಲ್ಲಿ ನಿಲ್ಲದೆ ನೇರ ಒಳಗೆ ಬಂದು ಮಂಡಿಯೂರಿ ಕೊನೆಯ ಹಿಡಿಗೆ ಕೈ ಚಾಚಿದರು. ಕೂತಿದ್ದವರೆಲ್ಲ ಉಸಿರೆಳೆದುಕೊಂಡರು. ಕೈಯಲ್ಲಿ ಕೋಲಿತ್ತು.

ಆ ಕೈಯನ್ನು ಅವರು ಬೇರೆ ಯಾರದೋ ಎಂಬಂತೆ ನೋಡಿದರು. ‘ಅಯ್ಯೋ, ಇದನ್ನ ಎಲ್ಲಿಡ್ಲಿ?’ ಆ ದನಿ ಅಧ್ಯಕ್ಷೆಯದೋ ಹೆಂಡತಿಯದೋ ಯಾರಿಗೂ ಗುರುತು ಸಿಗಲಿಲ್ಲ.

‘ಇಲ್ಲೇ ಇಡೇ ತಾಯಿ’ ಎಂದಳು ಅಜ್ಜಿ. ‘ಎಣ್ಣೆ ಹಚ್ಚೋನು ಹೋದ. ಇವತ್ತು ಅದಕ್ಕೂ ಸೂತಕ.’

ಶಿಲುಬೆಯ ಪಕ್ಕ ಕೋಲನ್ನು ಮಲಗಿಸಿ, ಸುಣ್ಣವನ್ನು ಹಿಡಿಯಲ್ಲಿ ಎತ್ತಿಕೊಂಡು ದಾಮಿಯಾನಾ ಮೊದಲ ಸಲ ಎಲ್ಲರೆದುರು ಗಟ್ಟಿಯಾಗಿ ಅತ್ತರು.

ಸೂತಕ ಹಿಡಿದ ಕೋಲಿನ ತೀರ್ಪು ನಿಲ್ಲುತ್ತದೋ ಇಲ್ಲವೋ ಎಂದು ನಮ್ಮೂರು ಇಂದಿಗೂ ವಾದಿಸುತ್ತದೆ. ತೂಬು ಮುಚ್ಚಲು ಮಾತ್ರ ಯಾರೂ ಹೋಗಿಲ್ಲ. ಊರಿನ ಭಾರ ಹೊತ್ತ ಹೆಂಗಸರು ಹೊಸ್ತಿಲಲ್ಲಿ ತಡೆದು ನಿಂತರೆ ನಾವು ಅದನ್ನು ಗಾಂಭೀರ್ಯವೆಂದು ಹೊಗಳುತ್ತೇವೆ. ದೇವರೇ ಬಲ್ಲ, ಕೈಯಲ್ಲಿರುವುದನ್ನು ಎಲ್ಲಿಡಲಿ ಎಂದು ಅವರು ಹುಡುಕುತ್ತಿರಬಹುದು.