ಎಂಟು ಗಂಟೆ ಬಸ್ಸಿನ ಬ್ಲಾಗು

ವಿಶಾಖಾಳ ಮನೆ ಭಾಲ್ಕಿಯಲ್ಲಿ, ಕೆಲಸ ಬೀದರದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ. ದಿನವೂ ಬೆಳಿಗ್ಗೆ ಎಂಟರ ಬಸ್ಸು ಹಿಡಿಯುತ್ತಿದ್ದ ಅವಳಿಗೆ, ಅಲ್ಲಿ ಕೇಳಿದ ಮಾತುಗಳನ್ನು ಬರೆದಿಡುವ ಹುಚ್ಚು ಹತ್ತಿತು. ಲ್ಯಾಬಿನ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಕುಣಾಲ ಬೀದರದ ಹಳೆಯ ಬಾವಿಗಳ ಬಗ್ಗೆ ವರ್ಷಗಳಿಂದ ಬ್ಲಾಗು ನಡೆಸುತ್ತಿದ್ದ. ಒಂದು ಮಧ್ಯಾಹ್ನ ಊಟದ ಡಬ್ಬಿ ಬದಿಗಿಟ್ಟು ಅವಳಿಗೂ ಒಂದು ಬ್ಲಾಗು ತೆರೆದುಕೊಟ್ಟ.

“ಎಲ್ಲಾದರ ಬಗ್ಗೆ ಬರೀಬ್ಯಾಡ್ರಿ ಮೇಡಂ. ಬಸ್ಸಂದ್ರ ಬಸ್ಸೇ ಇರಲಿ,” ಎಂದ. “ಶುಕ್ರವಾರ ಹಾಕ್ತೇನಿ ಅಂದ್ರ ಶುಕ್ರವಾರನೇ ಹಾಕಬೇಕ್ರಿ, ಓದೋರಿಗಿ ರೂಢಿ ಆಗತದ. ಮಂದಿ ಫೋನಿನ್ಯಾಗ ಓದ್ತಾರ, ಪ್ಯಾರಾ ಸಣ್ಣವಿರಲಿ. ಶುರುವಿಗಿ ಯಾರೂ ಓದಂಗಿಲ್ಲ, ಬೇಜಾರ ಮಾಡ್ಕೋಬ್ಯಾಡ್ರಿ. ಮತ್ತ ಯಾರ ಬಗ್ಗೆ ಬರೀತೀರಿ, ಹಾಕೋದಕ್ಕಿಂತ ಮೊದಲ ಅವರಿಗಿ ಓದಿ ಕೇಳಸ್ರಿ.”

ಕಂಡಕ್ಟರನ ಚಿಲ್ಲರೆ ಜಗಳ, ಕಿಟಕಿ ಪಕ್ಕದ ಸೀಟಿಗಾಗಿ ಬಿದ್ದ ಕರವಸ್ತ್ರಗಳು, ಕೊತ್ತಂಬರಿ ಗಂಟಿನ ಮೇಲೆ ಕೂತು ನಿದ್ದೆ ಮಾಡುವ ಮುದುಕ, ಹೀಗೆ ವಿಶಾಖಾ ಬರೆಯುತ್ತ ಹೋದಳು. ಓದುವವರು ಹತ್ತು ಮಂದಿ ದಾಟಲಿಲ್ಲ. ಬೇಜಾರು ಮಾಡಿಕೊಳ್ಳಬಾರದೆಂದು ಗೊತ್ತಿದ್ದರೂ ಬೇಜಾರಾಗುತ್ತಿತ್ತು.

ಆ ದಿನಗಳಲ್ಲೇ ಲೀಲಾಬಾಯಿ ಪರಿಚಯವಾದದ್ದು. ಅರವತ್ತರ ಹತ್ತಿರದ ಹೆಂಗಸು. ವಾರಕ್ಕೆ ಮೂರು ಸಲ ಇದೇ ಬಸ್ಸಿಗೆ ಬೀದರಕ್ಕೆ ಬರುತ್ತಿದ್ದರು. ವಿಶಾಖಾಳಿಗಾಗಿ ಸೀಟು ಹಿಡಿದಿಟ್ಟು, ಸೇಂಗಾ ಹೋಳಿಗೆಯ ತುಂಡು ಕೈಗಿಟ್ಟು ಮಾತಿಗೆ ತೊಡಗುತ್ತಿದ್ದರು. ವಿಶಾಖಾ ಅವರನ್ನು ಚಿಕ್ಕಮ್ಮನೆಂಬಂತೆ ಮೌಶಿ ಎನ್ನುತ್ತಿದ್ದಳು.

“ಒಂದ್ ಮಾತ ಹೇಳ್ತೇನಿ, ಯಾರ ಮುಂದೂ ಅನಬ್ಯಾಡ,” ಎಂದರು ಒಂದು ದಿನ. “ಮನ್ಯಾಗ ನಾ ಮೊಣಕಾಲಿಗಿ ಕರೆಂಟ್ ಕೊಡಸ್ಕೊಳ್ಳಾಕ ದವಾಖಾನಿಗಿ ಹೋಗ್ತೇನಿ ಅಂತ ಹೇಳೀನಿ. ಖರೇ ಅಂದ್ರ ಸ್ಕೂಟಿ ಕಲೀಲಿಕ್ಕತ್ತೀನಿ!”

ಮಗಳು ಭಕ್ತಿಯನ್ನು ಔರಾದಕ್ಕೆ ಮದುವೆ ಮಾಡಿ ಕೊಟ್ಟಿದ್ದರು. ಅವಳನ್ನು ನೋಡಬೇಕೆಂದಾಗಲೆಲ್ಲ ಗಂಡ ಭಾಲಚಂದ್ರರಿಗೆ ಪುರುಸೊತ್ತಾಗಬೇಕಿತ್ತು, ಇಲ್ಲವೇ ಮಗ ಗಾಡಿ ತೆಗೆಯಬೇಕಿತ್ತು. ಒಂದು ದಿನ ಯಾರಿಗೂ ಹೇಳದೆ ತಾನೇ ಸ್ಕೂಟಿ ಹೊಡೆದುಕೊಂಡು ಔರಾದಕ್ಕೆ ಹೋಗಿ, ಮಗಳ ಬಾಗಿಲಲ್ಲಿ ಹಾರ್ನ್ ಬಾರಿಸಬೇಕು. ಅವಳು ಹೊರಗೆ ಬಂದು ನೋಡಬೇಕು. ಲೀಲಾಬಾಯಿ ಅದನ್ನು ಹೇಳುವಾಗ ಕೈಯಿಂದಲೇ ಹ್ಯಾಂಡಲ್ ತಿರುಗಿಸಿ ತೋರಿಸಿದರು.

ಶುಕ್ರವಾರ ವಿಶಾಖಾ ಅದನ್ನೇ ಬರೆದಳು. ಓದಿ ಕೇಳಿಸಿದರೆ ಬೇಡವೆನ್ನುತ್ತಾರೆಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಕೇಳಲಿಲ್ಲ. ಹೆಸರು ಬದಲಾಯಿಸಿದ್ದೇನಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಆ ಬರಹ ಅವಳು ಕಂಡು ಕೇಳರಿಯದಷ್ಟು ಜನರನ್ನು ಮುಟ್ಟಿತು. ವಾಟ್ಸಾಪ್ ಗುಂಪಿನಿಂದ ಗುಂಪಿಗೆ ಹಾರಿತು. ಬೀದರದ ಮೈಲೂರು ಬಡಾವಣೆಯ ಯಾರೋ “ಕಣ್ಣಾಗ ನೀರು ಬಂತ್ರಿ” ಎಂದು ಬರೆದರು. ಎರಡು ದಿನ ವಿಶಾಖಾಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸೋಮವಾರ ಲೀಲಾಬಾಯಿ ಬಸ್ಸಿಗೆ ಬರಲಿಲ್ಲ. ಬುಧವಾರವೂ ಬರಲಿಲ್ಲ. ಪಕ್ಕದ ಖಾಲಿ ಸೀಟಿನಲ್ಲಿ ಚೀಲವಿಟ್ಟುಕೊಂಡು ಕೂತ ವಿಶಾಖಾಳಿಗೆ ಏನಾಗಿರಬಹುದೆಂದು ಹೊಳೆಯಿತು. ಅಲ್ಲೇ ಫೋನು ತೆಗೆದು ಬರಹ ಅಳಿಸಿದಳು. ಆದರೆ ಮಧ್ಯಾಹ್ನ ಅವಳ ಸ್ವಂತ ಅತ್ತಿಗೆಯೇ, ಬರೆದವರು ಯಾರೆಂದು ತಿಳಿಯದೆ, ಅದನ್ನು ವಾಟ್ಸಾಪಿನಲ್ಲಿ ಅವಳಿಗೆ ಕಳಿಸಿದಳು: “ಇದು ಓದೀ ಏನ, ಭಾಳ ಛಲೋ ಅದ.”

ಭಾನುವಾರ ಮನೆ ಹುಡುಕಿಕೊಂಡು ಹೋದಳು. ಬಾಗಿಲು ತೆರೆದ ಲೀಲಾಬಾಯಿ, “ಬರ್ರಿ, ಒಳಗ ಬರ್ರಿ,” ಎಂದರು. ಈವರೆಗೆ ನೀನು ಎನ್ನುತ್ತಿದ್ದವರು. ಚಹಾ ತಂದಿಟ್ಟು ಎದುರು ಕೂತರು.

“ಮೌಶಿ, ನಾ ಹೆಸರ ಬದಲಿ ಮಾಡಿದ್ದೆ...”

“ಹೆಸರ ಬದಲಿ ಮಾಡೀರಿ. ಭಾಲ್ಕಿ, ಔರಾದ, ಮೊಣಕಾಲ, ಎಲ್ಲಾ ಹಂಗೇ ಇಟ್ಟೀರಿ.”

ಭಕ್ತಿಯ ಅತ್ತೆ ಅದನ್ನು ಊಟಕ್ಕೆ ಕೂತವರೆಲ್ಲರ ಮುಂದೆ ಗಟ್ಟಿಯಾಗಿ ಓದಿದ್ದರು. ಭಕ್ತಿ ತಾಯಿಯ ಮೊಣಕಾಲು ವಾಸಿಯಾಗಲೆಂದು ತಿಂಗಳುಗಟ್ಟಲೆ ಶನಿವಾರದ ಉಪವಾಸ ಹಿಡಿದಿದ್ದಳು. ಫೋನು ಮಾಡಿ, “ಆಯಿ, ನನಗೂ ಸುಳ್ಳ ಹೇಳ್ದಿ?” ಎಂದವಳು ಮತ್ತೆ ಮಾಡಿರಲಿಲ್ಲ.

“ಅಕಿ ಸಿಟ್ಟ ಇಳೀತದ, ನನ್ನ ಮಗಳು,” ಎಂದರು ಲೀಲಾಬಾಯಿ. “ಸುಳ್ಳ ನಾನೇ ಹೇಳೀನಿ, ಅದು ನಿಮ್ಮ ಮ್ಯಾಲ ಹಾಕಂಗಿಲ್ಲ. ಆದ್ರ ನಾನೇ ಹೋಗಿ ತೋರಸೋದಿತ್ತು. ಆ ದಿನಾ ನಂದಿತ್ತು.”

ವಿಶಾಖಾ ಚಹಾದ ಕಪ್ಪು ಬದಿಗೆ ಸರಿಸಿದಳು. “ನಂದೇ ತಪ್ಪು ಅಂತ ಬ್ಲಾಗಿನ್ಯಾಗ ಬರೀತೇನಿ ಮೌಶಿ.”

“ಬ್ಯಾಡ್ರಿ. ಅದೂ ಬರೀಬ್ಯಾಡ್ರಿ. ಚಹಾ ಆರತದ, ಕುಡೀರಿ.”

ಕೆಲವು ವಾರ ಬ್ಲಾಗು ಸುಮ್ಮನಿತ್ತು. ವಿಶಾಖಾ ಕುಣಾಲನ ಮುಂದೆ ಎಲ್ಲ ಹೇಳಿ, ಮುಚ್ಚಿಬಿಡುತ್ತೇನೆ ಎಂದಳು. “ಮುಚ್ಚಿದ್ರ ಅವರಿಗೇನ ತಿರುಗಿ ಸಿಗತದ್ರಿ?” ಎಂದು ಅವನು ಕೇಳಿದ. ಅವಳು ಮತ್ತೆ ಬರೆಯತೊಡಗಿದಳು, ಆದರೆ ಬರೆದದ್ದನ್ನು ಮೊದಲು ಆಯಾ ಮನುಷ್ಯರಿಗೆ ಓದಿ ಹೇಳಿ. ಕೊತ್ತಂಬರಿಯ ಮುದುಕ ನಕ್ಕು ಹೂಂ ಎಂದ. ಕಮಠಾಣದ ಹೆಂಗಸೊಬ್ಬಳು ಬೇಡವೆಂದು ತಲೆ ಅಲ್ಲಾಡಿಸಿದಳು. ಆ ವಾರ ಏನೂ ಹಾಕಲಿಲ್ಲ. ಓದುವವರು ಮತ್ತೆ ಬೆರಳೆಣಿಕೆಗೆ ಇಳಿದರು.

ಚಳಿಗಾಲ ಬಂದಿತ್ತು. ಒಂದು ಬೆಳಿಗ್ಗೆ ಭಾಲ್ಕಿಯ ಬಸ್ ನಿಲ್ದಾಣದಲ್ಲಿ ಲೀಲಾಬಾಯಿಯ ಗಂಡ ಭಾಲಚಂದ್ರ ಸಿಕ್ಕರು. ಅವರೇ ಹತ್ತಿರ ಬಂದರು.

“ಹೋದ ವಾರ ಔರಾದಕ್ಕ ಹೋಗಿದ್ದಿವಿ. ಅಕೀನೇ ಗಾಡಿ ಹೊಡದ್ಳು, ನಾ ಹಿಂದ ಕೂತಿದ್ದೆ,” ಎಂದರು. ದನಿಯಲ್ಲಿ ಹೆಮ್ಮೆಯಿತ್ತು. “ಭಕ್ತಿ ಆರತಿ ಹಿಡಕೊಂಡು ನಿಂತಿದ್ಳು. ಓಣಿ ಮಂದಿ ಎಲ್ಲಾ ಬಂದಿದ್ರು.”

“ಮೌಶಿಗಿ ಖುಷಿ ಆಗಿರಬೇಕಲ್ರಿ, ಕಾಕಾ?”

ಅವರು ಬಸ್ಸು ಬರುವ ದಾರಿ ನೋಡುತ್ತಲೇ ಹೇಳಿದರು, “ಆತು. ಆದ್ರ ತಿರುಗಿ ಬರುವಾಗ ಅಂದ್ಳು, ಎಲ್ಲಾರೂ ದಾರಿ ಕಾಯ್ತಾ ನಿಂತಿದ್ರು, ಹಾರ್ನ್ ಬಾರಸೋ ಜರೂರತೇ ಬೀಳ್ಲಿಲ್ಲ ಅಂತ.” ಆಮೇಲೆ ಅವಳತ್ತ ತಿರುಗಿ ಕೇಳಿದರು, “ಇದೂ ಬರೀತೀ ಏನವಾ?”

“ಇಲ್ರಿ ಕಾಕಾ,” ಎಂದಳು ವಿಶಾಖಾ. ಅವಳಿಗೆ ಅವರ ಮುಖ ನೋಡಲಾಗಲಿಲ್ಲ.