ಯಾರೂ ನೋಡದ ಪಾಠ

ಕುರ್ಚಿ ಎಳೆದ ಸದ್ದು, ಏಳನೇ ತರಗತಿಯದೇ ಇರಬೇಕು, ಆ ಕೋಣೆಯ ನೆಲವೊಂದೇ ಹೀಗೆ ಕಿರುಗುಟ್ಟುವುದು, ಕಚೇರಿಯ ಹೊರಗೆ ಬೆಂಚಿನ ಮೇಲೆ ಕೂತಿದ್ದ ಹಳೇ ಹೆಡ್‌ಮೇಡಂ ಕಿವಿ ನೆಟ್ಟಗಾಯಿತು — ನಿವೃತ್ತಿಯಾಗಿ ಎರಡು ವರ್ಷ, ಬಂದದ್ದು ಒಂದು ಕಾಗದಕ್ಕೆ ಸಹಿ ಹಾಕಿಸಿಕೊಳ್ಳಲು, ಮನೆಯಲ್ಲಿ ಹೇಳಿದ್ದೂ ಅಷ್ಟೇ, ಅಮ್ಮಾ ಅದನ್ನ ಅಂಚೆಯಲ್ಲೇ ಕಳಿಸ್ತಾರಲ್ಲ ಅಂದಳು ಮಗಳು, ಕಳ್ಳಿ, ಅವಳಿಗೆ ಎಲ್ಲ ಗೊತ್ತು — ಸಹಿ ಬರೀ ನೆಪ, ನೋಡಬೇಕಾದದ್ದು ಕುರ್ಚಿ, ಪ್ರತಿ ತರಗತಿಯ ಹಿಂದುಗಡೆ ಒಂದು, ಬಿಡುವಿದ್ದವರು ಯಾರೇ ಆಗಲಿ ಬಂದು ಕೂತು ಇನ್ನೊಬ್ಬರ ಪಾಠ ನೋಡಬಹುದು, ತಪ್ಪು ಹುಡುಕುವ ಹಾಗಿಲ್ಲ, ಹೊರಡುವಾಗ ಒಂದೇ ಒಂದು ಪ್ರಶ್ನೆ ಕೇಳಬೇಕು, ಈ ಪದ್ಧತಿ ತಂದವಳು ತಾನು, ತಂದ ದಿನ ಸ್ಟಾಫ್‌ರೂಮಿನಲ್ಲಿ ಒಬ್ಬೊಬ್ಬರದೂ ಹರಳೆಣ್ಣೆ ಕುಡಿದ ಮುಖ, ಲೆಕ್ಕದ ಮೇಷ್ಟ್ರಂತೂ ಎದ್ದೇ ನಿಂತರು, ಇಪ್ಪತ್ತು ವರ್ಷ ಪಾಠ ಮಾಡಿದೀನಿ ಮೇಡಂ, ಈಗ ನನಗೆ ಕಾವಲಾ, ಅಯ್ಯೋ ಜೊತೆಗೊಬ್ಬರಿರಲಿ ಅಂತ ಮೇಷ್ಟ್ರೇ, ಅಂದಿದ್ದಳು, ಆ ಮಾತು ಅವರ ತಲೆಗಿಳಿಯಲು ಮೂರು ವರ್ಷ ಹಿಡಿಯಿತು, ಮೂರು ವರ್ಷವೂ ಮುಖ ಗಂಟು, ಮಕ್ಕಳು ಇಟ್ಟ ಹೆಸರು ಗುರ್ ಮೇಷ್ಟ್ರು, ಆದರೂ ಅವರ ತರಗತಿಯಲ್ಲಿ ಕೂತಳು, ಒಂಬತ್ತು ವರ್ಷ ಎಲ್ಲರ ತರಗತಿಯಲ್ಲೂ ಕೂತಳು.

ಬೀಳ್ಕೊಡುಗೆಯ ದಿನ ಶಾಲಾ ಇನ್‌ಸ್ಪೆಕ್ಟರ್ ನಗುನಗುತ್ತಲೇ ಅಂದದ್ದು, ನೀವು ಹೋದ ಮಾರನೇ ದಿನ ಆ ಕುರ್ಚಿಗಳೆಲ್ಲ ಅಟ್ಟ ಸೇರ್ತವೆ ನೋಡ್ತಾ ಇರಿ — ಎರಡು ವರ್ಷದಿಂದ ಅದೊಂದು ಮಾತು ಹಲ್ಲಿನ ಸಂದಿಯ ನಾರು, ಎಷ್ಟು ನಾಲಿಗೆ ಆಡಿಸಿದರೂ ಬರುವುದಿಲ್ಲ, ಎದ್ದಳು, ಮೊಣಕಾಲು ಕಟಕಟ, ಸದ್ದು ಬಂದ ಕೋಣೆಯ ಕಿಟಕಿಯ ತನಕ ಮೆಲ್ಲಗೆ ಹೋಗಿ ಇಣುಕಿದರೆ, ಕುರ್ಚಿ ಇದೆ, ಅದರಲ್ಲಿ ಕೂತಿರುವುದು ಗುರ್ ಮೇಷ್ಟ್ರು, ತಲೆಯೆಲ್ಲ ಬೆಳ್ಳಗೆ, ತೊಡೆಯ ಮೇಲೆ ಪುಟ್ಟ ನೋಟ್‌ಬುಕ್ಕು, ಪಾಠ ಮಾಡುತ್ತಿರುವುದು ಈಗಿನ ಹೆಡ್‌ಮೇಡಂ, ಬೋರ್ಡಿನ ಮೇಲೆ ಏನೋ ತಪ್ಪು ಬರೆದು, ಮಕ್ಕಳು ಹೋ ಅಂದಾಗ ತಾನೂ ನಕ್ಕು, ಮೇಷ್ಟ್ರೇ ನೀವಾದ್ರೂ ಹೇಳಬಾರದಾ, ನನಗೆ ಒಂದೇ ಪ್ರಶ್ನೆ ಮೇಡಂ, ಅದನ್ನ ಕೊನೆಗೆ ಇಟ್ಕೊಂಡಿದೀನಿ — ಅಬ್ಬ, ಉಳಿದಿದೆ, ಇನ್‌ಸ್ಪೆಕ್ಟರಿಗೆ ಕೂಗಿ ಹೇಳಬೇಕು, ಉಳಿದಿದೆ ಕಣ್ರೀ, ಕಣ್ಣು ತುಂಬಿತು, ಅಷ್ಟರಲ್ಲಿ ಪಕ್ಕದಲ್ಲೊಬ್ಬಳು ಚಿಕ್ಕ ವಯಸ್ಸಿನ ಟೀಚರ್, ಯಾರು ಬೇಕಿತ್ತಮ್ಮ, ಹಿಂದೆ ಕೂತಿರೋರನ್ನ ನೋಡ್ತಿದೀರಾ, ನಮ್ಮಲ್ಲಿ ಮೊದಲಿಂದ್ಲೂ ಹಾಗೇ, ಹೆಡ್‌ಮೇಡಂ ಪಾಠಕ್ಕೂ ಹೋಗಿ ಕೂರ್ತೀವಿ.

ಮೊದಲಿಂದಲೂ, ಅಂದರೆ ತನ್ನ ಕಾಲದಿಂದಲೂ, ಹೌದೇ, ಹುಡುಗಿ ಹೋದಳು — ವಾರಕ್ಕೊಂದು ಪಾಠ ತಾನೂ ಮಾಡುತ್ತಿದ್ದಳು, ಇದೇ ಕೋಣೆ, ಹಿಂದಿನ ಕುರ್ಚಿಯ ಮೇಲೆ ಫೈಲುಗಳ ರಾಶಿ, ಬೇಕೆಂದೇ ಪೇರಿಸಿದ್ದು, ಎಲ್ಲರಿಗೂ ದಾರಿ ತೋರಿಸುವವಳ ಪಾಠವೇ ಸಪ್ಪೆ ಅಂತ ಯಾರಿಗಾದರೂ ಗೊತ್ತಾದರೆ ಅನ್ನುವ ಭಯ, ನಾಲ್ಕನೇ ವರ್ಷ ಒಂದು ಬೆಳಿಗ್ಗೆ ಬಾಗಿಲಲ್ಲಿ ಗುರ್ ಮೇಷ್ಟ್ರು, ಮುಖದಲ್ಲಿ ಗಂಟಿಲ್ಲ, ಬರ್ಲಾ ಮೇಡಂ, ಇವತ್ತು ಬೇಡ ಮೇಷ್ಟ್ರೇ ಇನ್ನೊಂದಿನ, ಆ ಇನ್ನೊಂದು ದಿನ ಅವರು ಮತ್ತೆ ಕೇಳಲಿಲ್ಲ, ತಾನು ಕರೆಯಲಿಲ್ಲ, ಈಗ ಒಂದು ಪಾಠ ಮಾಡಲು ಕೊಟ್ಟರೆ ಸಾಕು, ಅರ್ಧ ಪಾಠ, ಫೈಲುಗಳನ್ನೆಲ್ಲ ನೆಲಕ್ಕೆ ಸುರಿದು, ಬನ್ನಿ ಕೂತ್ಕೊಳ್ಳಿ, ನೋಡಿ, ನಾನು ಇಷ್ಟೇ — ಗಂಟೆ ಹೊಡೆಯುತ್ತದೆ, ಒಳಗೆ ಮೇಷ್ಟ್ರು ನೋಟ್‌ಬುಕ್ಕು ತೆರೆದು ತಮ್ಮ ಪ್ರಶ್ನೆ ಕೇಳುತ್ತಿದ್ದಾರೆ, ಈಗಿನ ಹೆಡ್‌ಮೇಡಂ ತಲೆಯಾಡಿಸುತ್ತಿದ್ದಾಳೆ, ಮಕ್ಕಳ ಗದ್ದಲದಲ್ಲಿ ಒಂದು ಅಕ್ಷರವೂ ಕೇಳಿಸದು, ತನಗೆ ಏನು ಕೇಳುತ್ತಿದ್ದರೋ, ಅವತ್ತು ಒಳಗೆ ಬಿಟ್ಟಿದ್ದರೆ, ಏನು ಕೇಳುತ್ತಿದ್ದರು — ಬಾಗಿಲಲ್ಲಿ ಮೇಷ್ಟ್ರು, ಕೂದಲು ಇನ್ನೂ ಕಪ್ಪು, ಒಂದು ಕಾಲು ಹೊಸ್ತಿಲ ಒಳಗೆ, ಒಂದು ಹೊರಗೆ, ಬರ್ಲಾ ಮೇಡಂ, ಒಂದು ಕಾಲು ಒಳಗೆ, ಬರ್ಲಾ —